ಎರಡು ಗುಡಿಗಳ ನಡುವಿನ ಜಾಗ: ನಂದಿ ಗ್ರಾಮದ ಭೋಗನಂದೀಶ್ವರ, ಒಂದು ಪ್ರಕರಣ ಅಧ್ಯಯನ

ನಂದಿ ಬೆಟ್ಟಕ್ಕೆ ಬರುವವರಲ್ಲಿ ಜಾಸ್ತಿ ಜನ ಸೂರ್ಯ ಹುಟ್ಟುವುದನ್ನು ನೋಡಿ, ಒಂದು ಟೀ ಕುಡಿದು, ಬಿಸಿಲೇರುವ ಮುಂಚೆ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಬೆಟ್ಟದ ಬುಡದಲ್ಲಿರುವ ನಂದಿ ಗ್ರಾಮದ ಕಡೆ ಗಾಡಿ ತಿರುಗಿಸುವವರು ಕಡಿಮೆ. ತಿರುಗಿಸಿದವರೂ ಭೋಗನಂದೀಶ್ವರನ ಅಂಗಳದಲ್ಲಿ ನಿಂತು ಕೇಳುವುದು ಒಂದೇ ಪ್ರಶ್ನೆ: "ಇದನ್ನ ಕಟ್ಟಿಸಿದ್ದು ಯಾರು?"

ಒಬ್ಬರು ಚೋಳರು ಅಂತಾರೆ. ಇನ್ನೊಬ್ಬರು ಗಂಗರು ಅಂತಾರೆ. ಸ್ವಲ್ಪ ಓದಿಕೊಂಡವರು ನೊಳಂಬರ ಹೆಸರು ಎತ್ತುತ್ತಾರೆ. ಕಂಬಗಳ ಕೆತ್ತನೆ ನೋಡಿ ಹೊಯ್ಸಳರೇ ಇರಬೇಕು ಅನ್ನುವವರೂ ಉಂಟು. ಯಾರ ಮಾತೂ ಪೂರ್ತಿ ಸುಳ್ಳಲ್ಲ, ಯಾರ ಮಾತೂ ಪೂರ್ತಿ ನಿಜವೂ ಅಲ್ಲ. ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಬೇರೊಂದನ್ನು ಕೇಳೋಣ. ಇಲ್ಲಿ ಮೊದಲು ಅಕ್ಕಪಕ್ಕ ಎರಡು ಗುಡಿ ಇದ್ದವು. ನಡುವೆ ಖಾಲಿ ಜಾಗ ಇತ್ತು. ಶತಮಾನಗಳ ಮೇಲೆ ಬಂದ ಯಾರೋ ಆ ಖಾಲಿ ಜಾಗದಲ್ಲಿ ಮೂರನೆಯ ಗುಡಿ ಕಟ್ಟಿದರು. ಎರಡು ಹಳೆಯ ಗುಡಿಗಳಿಗೆ ಏಟು ಬೀಳದ ಹಾಗೆ ಅದು ಹೇಗೆ ಸಾಧ್ಯವಾಯಿತು? ಅದರಿಂದ ಅಲ್ಲಿನ ಪೂಜೆಗೆ ಸಿಕ್ಕಿದ್ದೇನು? ಈ ಬರಹ ಇಷ್ಟರ ಬಗ್ಗೆಯೇ.

ಅಂಗಳದಲ್ಲಿ ನಿಂತಾಗ ಕಾಣುವುದು

ದೇವಸ್ಥಾನದ ಮುಖ ಪೂರ್ವಕ್ಕೆ. ಒಳಗೆ ಹೋಗಿ ಗುಡಿಗಳಿಗೆ ಎದುರಾಗಿ ನಿಂತರೆ ಎಡಗಡೆ, ಅಂದರೆ ದಕ್ಷಿಣಕ್ಕೆ, ಅರುಣಾಚಲೇಶ್ವರ. ಬಲಗಡೆ, ಉತ್ತರಕ್ಕೆ, ಭೋಗನಂದೀಶ್ವರ. ಎರಡಕ್ಕೂ ಅದರದರದೇ ಗರ್ಭಗುಡಿ, ಅದರ ಮುಂದಿನ ಚಿಕ್ಕ ಕೋಣೆ ಸುಕನಾಸಿ, ಆಮೇಲಿನ ಕಂಬಗಳ ಒಳಾಂಗಣ ನವರಂಗ, ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ದ್ರಾವಿಡ ಶಿಖರ. ಎರಡರ ಮುಂದೆಯೂ ಒಂದೊಂದು ನಂದಿ ಮಂಟಪ. ಒಳಗಿನ ನಂದಿ ತನ್ನ ಸ್ವಾಮಿಯನ್ನೇ ನೋಡುತ್ತಾ ಕೂತಿದೆ. ದೂರದಿಂದ ನೋಡಿದರೆ ಅವಳಿ ಗುಡಿಗಳ ಹಾಗೆ ಕಾಣುತ್ತವೆ. ಹತ್ತಿರ ಹೋದರೆ ಗೋಡೆಯ ಕೆತ್ತನೆ, ಕಿಟಕಿ, ಒಳಗಿನ ಕಂಬ ಎಲ್ಲದರಲ್ಲೂ ಸಣ್ಣಪುಟ್ಟ ವ್ಯತ್ಯಾಸ ಸಿಗುತ್ತದೆ.

ಇವೆರಡರ ಮಧ್ಯೆ ಉಮಾ-ಮಹೇಶ್ವರ. ಚಿಕ್ಕದು. ಅಕ್ಕಪಕ್ಕದವುಗಳಷ್ಟು ಎತ್ತರ ಇಲ್ಲ, ತನ್ನ ಕಡೆ ನೋಡಿ ಅಂತ ಕೂಗುವುದೂ ಇಲ್ಲ. ಅದರ ಎದುರಿಗೆ ಕಲ್ಯಾಣ ಮಂಟಪ. ಈ ಮೂರನ್ನೂ ಸೇರಿಸುವ ಹಾಗೆ ಮುಂದೆ ಕಂಬಗಳ ಹಜಾರ. ಮೊದಲ ಸಲ ಬಂದವರಿಗೆ ಮೂರೂ ಒಂದೇ ಸಲಕ್ಕೆ, ಒಂದೇ ನಕ್ಷೆಯಲ್ಲಿ ಕಟ್ಟಿದ್ದು ಅನ್ನಿಸುತ್ತದೆ. ನಡುವೆ ತಂದು ಸೇರಿಸಿದವರಿಗೆ ಬೇಕಾಗಿದ್ದೂ ಅದೇ ಅನ್ನಿ.

ಹಿಂದಿನ ಕಥೆ

ಇಲ್ಲಿನ ಅತಿ ಹಳೆಯ ದಾಖಲೆಗಳು ಸುಮಾರು ಕ್ರಿ.ಶ. 806ರವು. ರಾಷ್ಟ್ರಕೂಟ ದೊರೆ ಮೂರನೇ ಗೋವಿಂದನ ಕಾಲದ ತಾಮ್ರಪಟವೊಂದು ಚಿಕ್ಕಬಳ್ಳಾಪುರದಲ್ಲಿ ಸಿಕ್ಕಿದೆ. ಬಾಣ ಅರಸ ವಿದ್ಯಾಧರನ ರಾಣಿ ರತ್ನಾವಳಿ ನಂದಿಯಲ್ಲಿ ಶಿವಾಲಯ ಕಟ್ಟಿಸಿದ್ದಳು ಅನ್ನುವುದು ಅದರಿಂದ ಗೊತ್ತಾಗುತ್ತದೆ. ಅದೇ ಹೊತ್ತಿನ ನೊಳಂಬಾಧಿರಾಜನ ಶಾಸನದಲ್ಲೂ ಗುಡಿಯ ಪ್ರಸ್ತಾಪ ಇದೆ. ಸುಮಾರು 810ರ ಹೊತ್ತಿಗೆ ಬಾಣ ಅರಸರಾದ ಜಯತೇಜ ಮತ್ತು ದತ್ತಿಯರ ತಾಮ್ರಪಟಗಳೂ ಸೇರಿಕೊಳ್ಳುತ್ತವೆ.

ಅಂದರೆ ಕಥೆ ಶುರುವಾಗುವುದು ಒಬ್ಬ ಹೆಂಗಸಿನಿಂದ. ಇಷ್ಟು ದೊಡ್ಡ ಸಂಗತಿ, ಆದರೂ ರತ್ನಾವಳಿಯ ಹೆಸರು ನಮ್ಮ ಜಿಲ್ಲೆಯಲ್ಲೇ ಎಷ್ಟು ಜನಕ್ಕೆ ಗೊತ್ತು? ಶಾಲೆ ಮಕ್ಕಳನ್ನು ಪ್ರವಾಸ ಕರೆತಂದವರು ಚೋಳರ ಪಾಠ ಹೇಳಿ ಮುಗಿಸುವುದನ್ನು ನಾನೇ ಕೇಳಿದ್ದೇನೆ.

ಆಮೇಲೆ ಬಂದವರ ಪಟ್ಟಿ ಉದ್ದ ಇದೆ. ಗಂಗರಿಗಂತೂ ಈ ಬೆಟ್ಟ ಬರೀ ಬೆಟ್ಟವಾಗಿರಲಿಲ್ಲ. ಅವರ ಬಿರುದಿನಲ್ಲೇ 'ಕುವಳಾಲಪುರವರೇಶ್ವರ, ನಂದಗಿರಿನಾಥ' ಅಂತ ಇದೆ. ಕುವಳಾಲ ಅಂದರೆ ನಮ್ಮ ಕೋಲಾರ, ನಂದಗಿರಿ ಇದೇ ನಂದಿ. ರಾಜಧಾನಿ ತಲಕಾಡಿಗೆ ಹೋದ ಮೇಲೂ ಅವರು ಈ ಬಿರುದು ಬಿಡಲಿಲ್ಲ. ಅರುಣಾಚಲೇಶ್ವರ ಗುಡಿ ಗಂಗರದ್ದು, ಭೋಗನಂದೀಶ್ವರಕ್ಕೆ ಈಗಿನ ರೂಪ ಬಂದಿದ್ದು ಚೋಳರಿಂದ ಅನ್ನುವ ಮಾತು ಚಾಲ್ತಿಯಲ್ಲಿದೆ. ಭೋಗನಂದೀಶ್ವರದ ಒಳಗೆ ಕೂತಿರುವ ಒಬ್ಬ ರಾಜನ ಶಿಲ್ಪವನ್ನು ರಾಜೇಂದ್ರ ಚೋಳ ಅಂತಲೇ ಗುರುತಿಸುತ್ತಾರೆ. ಪುರಾತತ್ವದವರು ಮಾತ್ರ ಒಟ್ಟು ಗುಡಿಯನ್ನು ನೊಳಂಬ ಶೈಲಿಯ ಒಳ್ಳೆಯ ಉದಾಹರಣೆಗಳ ಸಾಲಿಗೆ ಸೇರಿಸುತ್ತಾರೆ.

ನನ್ನ ಓಟು ನೊಳಂಬರಿಗೆ. ಕಾರಣ ನವರಂಗದಲ್ಲೇ ಸಿಗುತ್ತದೆ. ಭೋಗನಂದೀಶ್ವರದ ನವರಂಗದಲ್ಲಿ ನಿಂತು ತಲೆ ಎತ್ತಿದರೆ ಚಾವಣಿಯ ನಡುವೆ ಶಿವ-ಪಾರ್ವತಿ, ಸುತ್ತ ಎಂಟು ದಿಕ್ಕಿನ ಪಾಲಕರು ತಮ್ಮ ತಮ್ಮ ವಾಹನಗಳ ಮೇಲೆ. ತುಮಕೂರು ಜಿಲ್ಲೆ ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋಗಿ ಕಲ್ಲೇಶ್ವರ ಗುಡಿಯ ಚಾವಣಿ ನೋಡಿ. ಅಲ್ಲಿ ನಡುವೆ ಕುಣಿಯುವ ಶಿವ, ಸುತ್ತ ಇದೇ ದಿಕ್ಪಾಲಕರು. ಅದೂ ನೊಳಂಬರ ಕಾಲದ್ದೇ. ಎರಡನ್ನೂ ನೋಡಿದವರಿಗೆ ನೆಂಟಸ್ತಿಕೆ ತಾನಾಗಿ ಕಾಣುತ್ತದೆ. ಇನ್ನು ಗೋಡೆಯ ಜಾಲಂಧ್ರಗಳು. ಬೆಳಕು ಬರಲಿ ಅಂತ ಕಲ್ಲನ್ನು ಆರಪಾರ ಕೊರೆದು, ಆ ತೂತುಗಳ ನಡುವೆ ಕುಣಿಯುವ ಶಿವನನ್ನೋ, ಕೋಣನ ತಲೆಯ ಮೇಲೆ ನಿಂತ ದುರ್ಗೆಯನ್ನೋ ಉಳಿಸಿಕೊಂಡಿದ್ದಾರೆ. ಈ ಸೀಮೆಯ ಗ್ರಾನೈಟ್ ಹಳೇಬೀಡಿನ ಬಳಪದ ಕಲ್ಲಿನ ಹಾಗೆ ಮಾತು ಕೇಳುವುದಿಲ್ಲ. ಒಂದು ಏಟು ಜಾಸ್ತಿ ಬಿದ್ದರೆ ಚಕ್ಕೆ ಎದ್ದೇ ಹೋಗುತ್ತದೆ. ಅಂಥ ಕಲ್ಲಿನಲ್ಲಿ ಕಿಟಕಿ ಕೊರೆದವರ ಕೈಗೆ ದೊಡ್ಡ ನಮಸ್ಕಾರ.

ಚೋಳರ ಬಗ್ಗೆಯೂ ಒಂದು ಮಾತು ಹೇಳಬೇಕು. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಈಗ ಆಂಧ್ರದಲ್ಲಿರುವ ಹೇಮಾವತಿ. ಅವರು ಆಳಿದ ನೊಳಂಬವಾಡಿಯಿಂದ ಚೋಳರ ಕಾಲದಲ್ಲಿ ಚೆಂದದ ಕಂಬಗಳನ್ನು ಕಿತ್ತು ತಮಿಳುನಾಡಿನ ತಿರುವಯ್ಯಾರಿಗೆ ಸಾಗಿಸಿದರು. ಅಲ್ಲಿನ ದೇವಸ್ಥಾನದಲ್ಲಿ ಇವತ್ತೂ ಅವು ಇವೆ. ಅದೇ ಚೋಳರು ನಂದಿಯಲ್ಲಿ ಗುಡಿಗೆ ಕೈ ಹಾಕದೆ ಪೂಜೆ ಮುಂದುವರಿಸಿ, ತಮ್ಮದನ್ನೂ ಸೇರಿಸಿದರು. ಕಾರಣ ಇದ್ದಿರಬೇಕು. ಸುತ್ತಲ ಸೀಮೆಯನ್ನು ಅವರು ನಿಗರಿಲಿ ಚೋಳಮಂಡಲ ಅಂತ ಕರೆದು ತಮ್ಮದಾಗಿಸಿಕೊಂಡಿದ್ದರು. ತಾವೇ ಆಳುವ ಊರಿನ ದೇವರನ್ನು ಎದುರು ಹಾಕಿಕೊಳ್ಳುವುದು ಜಾಣತನ ಅಲ್ಲ, ಅಲ್ವಾ?

ಆಮೇಲೆ ಹೊಯ್ಸಳರು, ವಿಜಯನಗರದವರು, ಆವತಿ ವಂಶದ ಚಿಕ್ಕಬಳ್ಳಾಪುರದ ಪಾಳೇಗಾರರು. ಹೈದರ್, ಟಿಪ್ಪು ಕಾಲದಲ್ಲಿ ಬೆಟ್ಟದ ಮೇಲಿನ ಕೋಟೆಗೇ ಮಹತ್ವ. 1791ರಲ್ಲಿ ಇಂಗ್ಲಿಷರು ನಂದಿದುರ್ಗಕ್ಕೆ ಮುತ್ತಿಗೆ ಹಾಕಿ ಗೆದ್ದರು. ಇಷ್ಟೆಲ್ಲ ಆದರೂ ಬುಡದ ಗುಡಿಯಲ್ಲಿ ದೀಪ ಆರಲಿಲ್ಲ.

ನಡುವಿನ ಜಾಗ ತುಂಬಿದ ಬಗೆ

ಈಗ ನಮ್ಮ ಪ್ರಕರಣಕ್ಕೆ ಬರೋಣ.

ಅಣ್ಣತಮ್ಮಂದಿರ ಎರಡು ಮನೆ ಅಕ್ಕಪಕ್ಕ ಇದ್ದು ನಡುವೆ ಒಂದು ಓಣಿ ಉಳಿದರೆ ಏನಾಗುತ್ತದೆ? ಯಾರಾದರೂ ಒಬ್ಬರು ಅಲ್ಲಿ ಕೋಣೆ ಎಬ್ಬಿಸುತ್ತಾರೆ. ಸಾಮಾನ್ಯವಾಗಿ ಅದು ಕಣ್ಣಿಗೆ ರಾಚುತ್ತದೆ. ನಂದಿಯಲ್ಲಿ ರಾಚುವುದಿಲ್ಲ. ಏಕೆ ಅನ್ನುವುದಕ್ಕೆ ಮೂರು ಜಾಣತನಗಳನ್ನು ನೋಡಬೇಕು.

ಮೊದಲನೆಯದು ಗೋಡೆ. ಮೂರನೆಯ ಗುಡಿಯನ್ನು ಒಳಗೆ ಸೇರಿಸಿಕೊಳ್ಳಲು ಎರಡು ಹಳೆಯ ಗುಡಿಗಳ ನಡುವೆ ಹೊಸ ಗೋಡೆ ಎಬ್ಬಿಸಿದರು. ಅದನ್ನು ಹಳೆಯ ಗೋಡೆಗಳ ಹಾಗೆಯೇ ಕಾಣುವಂತೆ ಕಟ್ಟಿದರು. ಎಷ್ಟರ ಮಟ್ಟಿಗೆ ಅಂದರೆ ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಅಂತ ಹೇಳಲು ತಿಳಿದವರೂ ನಿಂತು ಹುಡುಕಬೇಕು. ಶತಮಾನಗಳಷ್ಟು ಈಚೆಯವರು ತಮ್ಮ ಕಾಲದ ಶೈಲಿಯನ್ನು ಬದಿಗಿಟ್ಟು ಹಿಂದಿನವರ ಕೈಬರಹವನ್ನು ಅಭ್ಯಾಸ ಮಾಡಿದ್ದಾರೆ. ಕಟ್ಟಿಸಿದವನಿಗೆ ಹೆಸರಿನ ಹುಚ್ಚು ಇದ್ದಿದ್ದರೆ ಈ ಕೆಲಸ ಆಗುತ್ತಿರಲಿಲ್ಲ.

ಎರಡನೆಯದು ಅಳತೆ. ನಡುವೆ ಬಂದಿದ್ದು ಚಿಕ್ಕದಾಗಿಯೇ ಉಳಿಯಿತು. ಶಿಖರದಲ್ಲಿ ಪೈಪೋಟಿ ಇಲ್ಲ. ಎರಡು ದೊಡ್ಡ ಶಿಖರಗಳ ನಡುವಿನ ಆಕಾಶ ಹಾಗೇ ಇದೆ.

ಮೂರನೆಯದಕ್ಕೆ ಬಂದರೆ ಲೆಕ್ಕ ಪೂರ್ತಿ ತಿರುಗುತ್ತದೆ. ಹೊರಗೆ ಇಷ್ಟು ಅಡಗಿ ಕೂತವರು ಒಳಗೆ ಕಲ್ಯಾಣ ಮಂಟಪದಲ್ಲಿ ಕೈ ಬಿಚ್ಚಿ ಕೆಲಸ ಮಾಡಿದ್ದಾರೆ. ಸುತ್ತ ಎಲ್ಲ ಬಿಳಿ-ಬೂದು ಗ್ರಾನೈಟ್. ಇಲ್ಲಿ ಮಾತ್ರ ಕಪ್ಪು ಛಾಯೆಯ, ಸ್ವಲ್ಪ ಹಸಿರು ಬೆರೆತ ಹಾಗೆ ಕಾಣುವ ಕಲ್ಲು. ಅದನ್ನು ಎಷ್ಟು ನುಣುಪು ಮಾಡಿದ್ದಾರೆ ಅಂದರೆ ದೀಪ ಹಚ್ಚಿದಾಗ ಕಂಬದ ಅಂಚಿನಲ್ಲಿ ಬೆಳಕು ಗೆರೆ ಎಳೆದ ಹಾಗೆ ಕಾಣುತ್ತದೆ. ಒಂದು ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಮೇಲಕ್ಕೆ ನೋಡುತ್ತಾ ಹೋಗಿ. ಬಳ್ಳಿ ಸುತ್ತಿಕೊಂಡು ಏರುತ್ತದೆ, ಬಳ್ಳಿಯ ಸಂದುಗಳಲ್ಲಿ ಹಕ್ಕಿಗಳು, ಪಕ್ಕದಲ್ಲಿ ಸೇವೆಗೆ ನಿಂತ ಹೆಂಗಸರು. ಮೈ ತುಂಬ ಒಡವೆ. ಬೆರಳು ಹಾಯಿಸಬೇಕು ಅನ್ನಿಸುತ್ತದೆ. ಹಾಯಿಸಬೇಡಿ. ಎಷ್ಟೋ ತಲೆಮಾರಿನ ಎಣ್ಣೆಗೈ ತಾಗಿ ಕೆಲವು ಮುಖಗಳು ಆಗಲೇ ಸವೆದಿವೆ.

ಕಂಬಗಳ ಮೇಲಿನ ದೇವರುಗಳನ್ನು ಗಮನಿಸಿ. ಶಿವ-ಪಾರ್ವತಿ, ವಿಷ್ಣು-ಲಕ್ಷ್ಮಿ, ಬ್ರಹ್ಮ-ಸರಸ್ವತಿ, ಅಗ್ನಿ-ಸ್ವಾಹಾದೇವಿ. ಎಲ್ಲರೂ ಜೋಡಿ. ಮೊದಲ ಮೂರು ಜೋಡಿ ಎಲ್ಲಾದರೂ ಸಿಕ್ಕಾವು. ಅಗ್ನಿ ಹೆಂಡತಿ ಸಮೇತ ಏಕೆ ಬಂದ? ಮದುವೆ ಮನೆಯಲ್ಲಿ ಸಾಕ್ಷಿ ಅವನೇ ಅಲ್ವಾ. ಸಪ್ತಪದಿ ತುಳಿಯುವುದು ಅವನ ಸುತ್ತಲೇ. ಇದು ಮದುವೆ ಮಂಟಪ ಅನ್ನುವುದನ್ನು ಶಿಲ್ಪಿ ಅಗ್ನಿಯನ್ನು ತಂದು ನಿಲ್ಲಿಸಿ ಖಾತ್ರಿ ಮಾಡಿದ್ದಾನೆ. ಉಮಾ-ಮಹೇಶ್ವರ ಗುಡಿಯ ಗೋಡೆಯ ಮೇಲೆ ದೇವತೆಗಳು, ಋಷಿಗಳು ಸಾಲುಗಟ್ಟಿ ಬರುವ ಕೆತ್ತನೆ ಇದೆ. ಗಿರಿಜಾ ಕಲ್ಯಾಣಕ್ಕೆ ಹೊರಟ ದಿಬ್ಬಣ ಅದು. ಮಂಟಪದಲ್ಲಿ ಮದುವೆ, ಗೋಡೆಯ ಮೇಲೆ ನೆಂಟರಿಷ್ಟರು.

ಇದನ್ನು ಯಾರು ಮಾಡಿಸಿದರು ಅನ್ನುವಲ್ಲಿ ಜಗಳ ಇದೆ. ಬಳ್ಳಿ, ಹಕ್ಕಿ, ಒಡವೆಗಳ ಸೂಕ್ಷ್ಮ ಕೆಲಸ ನೋಡಿ ಹೊಯ್ಸಳರದ್ದು ಅನ್ನುವವರು ಇದ್ದಾರೆ. ಮಂಟಪವೂ ನಡುಗೋಡೆಯೂ ವಿಜಯನಗರದ ಕಾಲದ ಸೇರ್ಪಡೆ ಅನ್ನುವವರೂ ಇದ್ದಾರೆ. ದೇವರ ಮದುವೆಗೆ ಅಂತ ಪ್ರತ್ಯೇಕ ಕಲ್ಯಾಣ ಮಂಟಪ ಕಟ್ಟುವ ರೂಢಿ ವಿಜಯನಗರದ ಕಾಲದಲ್ಲಿ ಜೋರಾಗಿ ಹಬ್ಬಿತು. ಹಂಪಿಯ ವಿಠ್ಠಲ, ಲೇಪಾಕ್ಷಿ, ಕೋಲಾರದ ಸೋಮೇಶ್ವರ, ಎಲ್ಲ ಕಡೆ ಅಂಥ ಮಂಟಪ ಇದೆ. ಹಾಗಾಗಿ ನನಗೆ ಎರಡನೆಯ ವಾದವೇ ಹೆಚ್ಚು ಸರಿ ಅನ್ನಿಸುತ್ತದೆ. ಹೊಯ್ಸಳರ ಕೈಚಳಕ ಹೊಯ್ಸಳರ ಜೊತೆಗೇ ಸತ್ತು ಹೋಗಲಿಲ್ಲ. ಅಪ್ಪನಿಂದ ಮಗನಿಗೆ ಬರುವ ಕಸುಬು ಅದು, ರಾಜಮನೆತನ ಬದಲಾದ ಮಾತ್ರಕ್ಕೆ ಉಳಿ ಹಿಡಿಯುವ ರೀತಿ ಬದಲಾಗುವುದಿಲ್ಲ.

ಮಗು, ಮದುಮಗ, ಸನ್ಯಾಸಿ

ಇಷ್ಟು ಕಲ್ಲಿನ ವಿಚಾರ. ಪೂಜೆಯಲ್ಲಿ ಏನಾಯಿತು ಅನ್ನುವುದು ಇನ್ನೂ ಸ್ವಾರಸ್ಯದ್ದು.

ಈ ಕಡೆಯ ಜನರ ನಂಬಿಕೆಯಲ್ಲಿ ಅಂಗಳದ ಎರಡು ದೊಡ್ಡ ಗುಡಿ, ಬೆಟ್ಟದ ಮೇಲಿನ ಇನ್ನೊಂದು ಗುಡಿ, ಈ ಮೂರರ ಶಿವ ಒಬ್ಬನೇ, ವಯಸ್ಸು ಬೇರೆ. ಅರುಣಾಚಲೇಶ್ವರ ಬಾಲ್ಯ. ಭೋಗನಂದೀಶ್ವರ ಯೌವನ, ಸಂಸಾರ. ಬೆಟ್ಟದ ತುದಿಯಲ್ಲಿ, 1478 ಮೀಟರ್ ಎತ್ತರದಲ್ಲಿ ಕೂತ ಯೋಗನಂದೀಶ್ವರ ಎಲ್ಲ ಬಿಟ್ಟ ಸನ್ಯಾಸಿ. ಅದಕ್ಕೇ ಬೆಟ್ಟದ ಮೇಲೆ ಪೂಜೆ ಉಂಟು, ಸಡಗರದ ಉತ್ಸವ ಇಲ್ಲ. ಮದುವೆ, ತೇರು, ಜಾತ್ರೆ ಎಲ್ಲ ಕೆಳಗೆ.

ಈಗ ನಡುವಿನ ಗುಡಿಯನ್ನು ಈ ಲೆಕ್ಕದಲ್ಲಿ ಇಟ್ಟು ನೋಡಿ. ಎಡಕ್ಕೆ ಬಾಲ್ಯ, ಬಲಕ್ಕೆ ಸಂಸಾರ. ನಡುವೆ ಬಂದಿದ್ದು ಮದುವೆ! ಎಡಗಡೆಯಿಂದ ದರ್ಶನ ಶುರು ಮಾಡಿದರೆ ಒಂದು ಬದುಕಿನ ಕ್ರಮದಲ್ಲೇ ನಡೆದ ಹಾಗೆ. ಕಟ್ಟಿಸಿದವರು ಇದನ್ನು ಎಣಿಸಿಯೇ ಕಟ್ಟಿಸಿದರೋ, ಕಟ್ಟಿದ ಮೇಲೆ ಜನ ಕಥೆ ಹೊಂದಿಸಿಕೊಂಡರೋ, ಹೇಗೇ ಆಗಿರಲಿ, ಖಾಲಿ ಜಾಗ ಇದ್ದಾಗ ಇಲ್ಲದ ಒಂದು ಅರ್ಥ ಅದು ತುಂಬಿದ ಮೇಲೆ ಬಂತು. ಹೊಸದಾಗಿ ಮದುವೆಯಾದವರು ಇಲ್ಲಿಗೆ ಬಂದು ಆಶೀರ್ವಾದ ಬೇಡುವ ಪದ್ಧತಿ ಇವತ್ತಿಗೂ ಇದೆ. ಅರಿಶಿನದ ದಾರ ಇನ್ನೂ ಮಾಸಿರುವುದಿಲ್ಲ, ಹುಡುಗಿ ಕೈ ತುಂಬ ಹಸಿರು ಬಳೆ, ಹಿಂದೆ ಅತ್ತೆ, ನಾದಿನಿ, ತಿಂಡಿ ಬುಟ್ಟಿ. ಆ ಜೋಡಿ ಕಲ್ಲಿನ ಜೋಡಿಗಳ ನಡುವೆ ನಿಂತಾಗ ಕಲ್ಯಾಣ ಮಂಟಪಕ್ಕೆ ಅದರ ಕೆಲಸ ಸಿಕ್ಕ ಹಾಗೆ.

ಅಮ್ಮನವರಿಗೂ ಪಾಲು ಇದೆ. ಅರುಣಾಚಲೇಶ್ವರನಿಗೆ ಅಪೀತಕುಚಾಂಬ, ಭೋಗನಂದೀಶ್ವರನಿಗೆ ಗಿರಿಜಾಂಬ. ಅಪೀತಕುಚಾಂಬ ತಮಿಳುನಾಡಿನ ತಿರುವಣ್ಣಾಮಲೈಯ ಅರುಣಾಚಲೇಶ್ವರನ ಜೊತೆಗಿರುವ ಅಮ್ಮನವರೂ ಹೌದು. ಸ್ವಾಮಿ, ಅಮ್ಮ ಇಬ್ಬರ ಹೆಸರೂ ಆ ಕಡೆಯ ಹೆಸರೇ ಅಂದಮೇಲೆ ತಮಿಳು ಸೀಮೆಯ ನಂಟು ಸುಮ್ನೆ ಬಾಯಿಮಾತಲ್ಲ. ಅರುಣಾಚಲೇಶ್ವರ ಗುಡಿಯಲ್ಲೇ ಸಿಂಹ ಗಣಪತಿ ಇದ್ದಾನೆ. ಉಗ್ರ ಗಣಪತಿ ಅಂತಲೂ ಕರೆಯುತ್ತಾರೆ. ಮೋದಕ ಹಿಡಿದ ಮುದ್ದು ಗಣಪನನ್ನು ನೋಡಿ ಅಭ್ಯಾಸ ಆದವರು ಒಂದು ಗಳಿಗೆ ನಿಂತು ನೋಡುತ್ತಾರೆ.

ವರ್ಷದ ದೊಡ್ಡ ಹಬ್ಬ ಶಿವರಾತ್ರಿ. ರಾತ್ರಿ ಜಾಗರಣೆ, ಮಾರನೇ ದಿನ ತೇರು. ಅದೂ ಜೋಡಿ ರಥ. ತೇರಿನ ಮೇಲೆ ಬಾಳೆಹಣ್ಣು, ದವನ ಎಸೆಯುವವರ ಗುರಿ ಎಷ್ಟು ಸಲ ಮುಂದಿನವರ ತಲೆಗೇ ತಾಗುತ್ತದೋ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇದೇ ಹೊತ್ತಿಗೆ ದನಗಳ ಜಾತ್ರೆ. ಮೊದಲು ಎತ್ತು ಕೊಳ್ಳಲು ಬರುತ್ತಿದ್ದ ರೈತರೇ ತೇರನ್ನೂ ಎಳೆಯುತ್ತಿದ್ದರು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ವ್ಯಾಪಾರ ಇಳಿದಿದೆ, ತೇರಿನ ಜನ ಇಳಿದಿಲ್ಲ. ವರ್ಷಕ್ಕೊಮ್ಮೆ ಬೆಟ್ಟವನ್ನೇ ಬರಿಗಾಲಲ್ಲಿ ಸುತ್ತುವ ಗಿರಿ ಪ್ರದಕ್ಷಿಣೆಯೂ ಇದೆ.

ಕಲ್ಯಾಣಿ

ಆಚೆಯ ಪ್ರಾಕಾರ ದಾಟಿದರೆ ಶೃಂಗಿ ತೀರ್ಥ. ನಾಲ್ಕೂ ಕಡೆ ಮೆಟ್ಟಿಲು, ಸುತ್ತ ಕಂಬದ ಸಾಲು. ನಂದಿ ತನ್ನ ಕೊಂಬಿನಿಂದ ನೆಲ ತಿವಿದು ಗಂಗೆಯನ್ನು ತಂದ ಅಂತ ಸ್ಥಳಪುರಾಣ. ದಕ್ಷಿಣ ಪಿನಾಕಿನಿ ಇಲ್ಲಿಂದಲೇ ಹುಟ್ಟಿತು ಅನ್ನುವ ನಂಬಿಕೆಯೂ ಇದೆ. ಪುರಾಣ ಪಕ್ಕಕ್ಕಿಟ್ಟರೂ ಈ ಬೆಟ್ಟಸಾಲು ನದಿಗಳ ತವರು ಅನ್ನುವುದು ನಿಜ. ಪಾಲಾರ್, ಅರ್ಕಾವತಿ, ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಎಲ್ಲ ಈ ಸುತ್ತಿನಿಂದಲೇ ಹೊರಡುತ್ತವೆ. ಹೊರಟ ನೀರೆಲ್ಲ ಬೇರೆ ಕಡೆ ಹೋಗಿ, ಇಲ್ಲಿನವರು ಸಾವಿರಾರು ಅಡಿ ಬೋರ್‌ವೆಲ್ ಕೊರೆಸುವ ಹಾಗಾಗಿದ್ದು ಬೇರೆಯೇ ಪ್ರಕರಣ, ಇಲ್ಲಿ ಬೇಡ.

ಈಗಿನ ಸ್ಥಿತಿ

ದೇವಸ್ಥಾನ ಈಗ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಜೊತೆಗೆ ನಿತ್ಯಪೂಜೆ ನಡೆಯುವ ಗುಡಿ. ಎರಡೂ ಒಟ್ಟಿಗೆ ಇರುವುದು ಸುಲಭವಲ್ಲ. ಕಲ್ಲಿಗೆ ಎಣ್ಣೆ, ಹೊಗೆ, ಕುಂಕುಮ ಒಳ್ಳೆಯದಲ್ಲ. ಭಕ್ತರಿಗೆ ಅವು ಇಲ್ಲದೆ ಪೂಜೆ ಇಲ್ಲ. ಹಾಗಂತ ಪೂಜೆ ನಿಂತ ಗುಡಿಗಳ ಗತಿ ಏನಾಗಿದೆ ಅಂತಲೂ ಈ ಸೀಮೆಯಲ್ಲಿ ನೋಡಿದ್ದೇವೆ. ಬಾವಲಿ, ನಿಧಿಗಳ್ಳರು, ಮುಳ್ಳುಗಂಟಿ. ನಂದಿಯಲ್ಲಿ ಅಂಗಳ ಚೊಕ್ಕವಾಗಿದೆ, ಹುಲ್ಲುಹಾಸು ಇದೆ, ಗಂಟೆಯ ಸದ್ದೂ ಇದೆ.

ಹೊಸ ತೊಂದರೆ ಮದುವೆ ಫೋಟೋದವರದ್ದು. ಕಲ್ಯಾಣ ಮಂಟಪದ ಆಸುಪಾಸಿನಲ್ಲಿ ಕಂಬಕ್ಕೆ ಒರಗಿ, ಕಾಲು ಕೊಟ್ಟು ನಿಲ್ಲುವ ಜೋಡಿಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಬೇಡ ಅಂದರೆ "ಎರಡೇ ನಿಮಿಷ ಅಂಕಲ್" ಅಂತಾರೆ. ಒಂದು ಲೆಕ್ಕದಲ್ಲಿ ಅವರೂ ಮದುವೆಯ ಹೆಸರಿನಲ್ಲೇ ಬಂದವರು, ಬೈಯಲೂ ಬಾಯಿ ಬರುವುದಿಲ್ಲ. ದೂರದಿಂದ ತೆಗೆದರೆ ಮಂಟಪ ಇನ್ನೂ ಚೆನ್ನಾಗಿ ಬರುತ್ತದೆ ಅಂತ ನಾನು ಫೋಟೋಗ್ರಾಫರ್‌ಗೆ ಹೇಳುತ್ತೇನೆ. ಕೆಲವರು ಕೇಳುತ್ತಾರೆ.

ನೋಡಲು ಹೋಗುವವರಿಗೆ ಒಂದು ಸಲಹೆ. ಬೆಳಿಗ್ಗೆಯೇ ಹೋಗಿ, ಪೂರ್ವದ ಬಿಸಿಲು ನೇರ ಗುಡಿಗಳ ಮುಖಕ್ಕೆ ಬೀಳುತ್ತದೆ. ಮೊದಲು ಎರಡೂ ದೊಡ್ಡ ಗುಡಿಗಳ ಗೋಡೆ, ಜಾಲಂಧ್ರ ನೋಡಿ ಮುಗಿಸಿ. ಆಮೇಲೆ ನಡುವಿನ ಗೋಡೆಗೆ ಬಂದು ಬೆಸುಗೆ ಎಲ್ಲಿದೆ ಅಂತ ಹುಡುಕಿ. ಮಕ್ಕಳನ್ನು ಕರೆದುಕೊಂಡು ಹೋದರೆ ಈ ಕೆಲಸ ಅವರಿಗೇ ಕೊಡಿ. ಅವರ ಕಣ್ಣು ನಮಗಿಂತ ಚುರುಕು. ಚಾವಣಿಯ ದಿಕ್ಪಾಲಕರಿಗೆ ಮೊಬೈಲ್ ಟಾರ್ಚ್ ಸಾಕು, ಅರ್ಚಕರನ್ನು ಒಂದು ಮಾತು ಕೇಳಿ ಹಾಕಿಕೊಳ್ಳಿ.